ಕಂಪ್ಯೂಟರ್‌ಗೆ ಕನ್ನ ಬಿದ್ದಾಗ ನಷ್ಟದ ಲೆಕ್ಕ: ಕೊಡಗಿನ ಸಣ್ಣ ವ್ಯವಹಾರಗಳಿಗೆ ಸಮಗ್ರ ಮಾರ್ಗದರ್ಶಿ

ಗೋದಾಮಿನ ಬೀಗ ಒಡೆದು ಇಪ್ಪತ್ತು ಚೀಲ ರೊಬಸ್ಟಾ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಹೊತ್ತುಕೊಂಡು ಹೋದರೆ ನಷ್ಟ ಎಷ್ಟು ಅಂತ ಗೋಣಿಕೊಪ್ಪದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಚೀಲಕ್ಕೆ 50 ಕೆ.ಜಿ., ಔಟ್‌ಟರ್ನ್ (ಚೆರ್ರಿಯಿಂದ ಸಿಗುವ ಕಾಫಿ ಬೀಜ) ಇಷ್ಟು, ಇವತ್ತಿನ ದರ ಇಷ್ಟು. ಗುಣಿಸಿದರೆ ಮುಗಿಯಿತು. ಆದರೆ ಕಂಪ್ಯೂಟರ್‌ನಿಂದ ಬೆಳೆಗಾರರ ಪಟ್ಟಿ, ಹೋಂಸ್ಟೇ ಅತಿಥಿಗಳ ಆಧಾರ್ ಪ್ರತಿ, ಮುಂಗಡ ಕೊಟ್ಟ ಲೆಕ್ಕ ಕದ್ದು ಹೋದರೆ? ಪಟ್ಟಿ ನಿಮ್ಮ ಹತ್ತಿರವೇ ಇದೆ. ಒಂದು ಹೆಸರೂ ಕಡಿಮೆ ಆಗಿಲ್ಲ. ಆದರೂ ಮೂರು ದಿನ ಅಂಗಡಿ ನಿಂತಿದೆ, ಮೈಸೂರಿನಿಂದ ಬಂದ ಟೆಕ್ನಿಷಿಯನ್ ಬಿಲ್ ಕೊಟ್ಟು ಹೋಗಿದ್ದಾರೆ, ಬೆಂಗಳೂರಿನ ಖರೀದಿದಾರರ ದುಡ್ಡು ಯಾರದೋ ಖಾತೆ ಸೇರಿದೆ.

ಇಂಥ ಹೊತ್ತಿನಲ್ಲಿ ಕೆಲವರು ‘ಏನೂ ಹೋಗಿಲ್ಲ ಬಿಡಿ’ ಅಂತ ಸುಮ್ಮನಾಗುತ್ತಾರೆ. ಇನ್ನು ಕೆಲವರು ಸಿಟ್ಟಿನಲ್ಲಿ ‘ಐವತ್ತು ಲಕ್ಷ ನಷ್ಟ’ ಅಂತ ದೂರಿನಲ್ಲಿ ಬರೆಸಿಬಿಡುತ್ತಾರೆ. ಎರಡೂ ಕೆಲಸಕ್ಕೆ ಬಾರದ ಲೆಕ್ಕ. ‘ಈ ಅಂಕಿ ಎಲ್ಲಿಂದ ಬಂತು?’ ಅಂತ ಎದುರಿನವರು ಕೇಳಿದಾಗ ಪ್ರತಿ ಸಾಲಿಗೂ ಒಂದು ಕಾಗದ ತೋರಿಸುವ ಹಾಗಿರಬೇಕು. ಆ ಕಾಗದ ಇರುವ ಒಂದು ಲಕ್ಷ, ಕಾಗದ ಇಲ್ಲದ ಐವತ್ತು ಲಕ್ಷಕ್ಕಿಂತ ದೊಡ್ಡದು. ಈ ಬರಹ ಪೂರ್ತಿ ಆ ಕಾಗದ ಹೇಗೆ ಹುಟ್ಟಿಸೋದು ಅನ್ನೋದರ ಬಗ್ಗೆ.

ಕಾಫಿ ಖರೀದಿ ಅಂಗಡಿ, ಹೋಂಸ್ಟೇ, ತೋಟದ ಆಫೀಸು, ಸಹಕಾರ ಸಂಘ, ಕುಶಾಲನಗರದ ಸಣ್ಣ ಕ್ಯೂರಿಂಗ್ ಘಟಕ (ಒಣ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಜಾಗ), ಇಷ್ಟು ಮಟ್ಟದ ವ್ಯವಹಾರಗಳನ್ನು ಮನಸ್ಸಲ್ಲಿಟ್ಟು ಬರೆದಿದ್ದೇನೆ. ಜೊತೆಗೆ ಒಂದು ಕಲ್ಪಿತ ಉದಾಹರಣೆ ನಡೆಯುತ್ತಾ ಹೋಗುತ್ತದೆ: ಗೋಣಿಕೊಪ್ಪದ ಹತ್ತಿರ ಒಂದು ಕುಟುಂಬದ ಕಾಫಿ ಖರೀದಿ ವ್ಯಾಪಾರ, ಅದರ ಜೊತೆ ನಾಲ್ಕು ಕೋಣೆಯ ಹೋಂಸ್ಟೇ. ಫೆಬ್ರವರಿ ತಿಂಗಳು, ರೊಬಸ್ಟಾ ಬರುವ ಕಾಲ. ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಎಲ್ಲ ಫೈಲಿಗೂ ಬೀಗ ಬಿದ್ದಿದೆ, ದುಡ್ಡು ಕೇಳುವ ಚೀಟಿ ಪರದೆ ಮೇಲಿದೆ. ಅದರಲ್ಲಿ ಬರುವ ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ.

ಮೊದಲ ಹೆಜ್ಜೆ: ಲೆಕ್ಕಕ್ಕಿಂತ ಮೊದಲು ದುಡ್ಡು ನಿಲ್ಲಿಸಿ

ಖಾತೆಯಿಂದ ಹಣ ಹೋಗಿದ್ದರೆ ಪುಸ್ತಕ ಪೆನ್ನು ಆಮೇಲೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೆ ಬರಹದಲ್ಲಿ ತಿಳಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಯೋಕೆ ಸಾಧ್ಯವಾಗೋದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ.

ಬ್ಯಾಂಕಿನ ವಿಷಯದಲ್ಲಿ ದಿನಾಂಕಕ್ಕೆ ನೇರವಾಗಿ ಬೆಲೆ ಇದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಅಂತಾದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನ ಆದರೆ ಉಳಿತಾಯ ಖಾತೆಗೂ ಸಣ್ಣ ಉದ್ದಿಮೆಯ ಚಾಲ್ತಿ ಖಾತೆಗೂ ಹೊಣೆಯ ಮಿತಿ 10,000 ರೂಪಾಯಿ. ಅದು ದಾಟಿದರೆ ಬ್ಯಾಂಕಿನ ನೀತಿ ಹೇಳಿದ ಹಾಗೆ. ಒಟಿಪಿ ನೀವೇ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದದ್ದೆಲ್ಲ ನಿಮ್ಮ ತಲೆ ಮೇಲೆ. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಇಂಥದೇ ಸುತ್ತೋಲೆ ಬಂತು. ಈಗಿನ ಮಿತಿ ಎಷ್ಟು ಅಂತ ನಿಮ್ಮ ಶಾಖೆಯಲ್ಲಿ ಒಮ್ಮೆ ಕೇಳಿಕೊಳ್ಳಿ. ಹೇಗಿದ್ದರೂ ತಿಳಿಸಿದ ದಿನ ಮತ್ತು ಸಮಯಕ್ಕೆ ಸ್ವೀಕೃತಿ ಪಡೆಯಿರಿ. ನಷ್ಟದ ಲೆಕ್ಕದಲ್ಲಿ ಎಷ್ಟೋ ಸಲ ಅದೇ ಅತಿ ದುಬಾರಿ ಕಾಗದ.

ಇನ್ನೊಂದು. ಯಾರಾದರೂ ‘ಫಾರ್ಮ್ಯಾಟ್ ಹೊಡೆದುಬಿಡೋಣ, ಅರ್ಧ ಗಂಟೆ ಕೆಲಸ’ ಅಂದರೆ ತಡೆಯಿರಿ. ಆ ಡಿಸ್ಕ್ ತೆಗೆದು ಲಕೋಟೆಯಲ್ಲಿ ಹಾಕಿ, ದಿನಾಂಕ ಬರೆದು, ಬೀರುವಿನಲ್ಲಿಡಿ. ಹೊಸ ಡಿಸ್ಕ್ ಹಾಕಿ ಕೆಲಸ ಶುರು ಮಾಡಿ. ಹೊಸ ಡಿಸ್ಕಿನ ಖರ್ಚನ್ನು ನಷ್ಟಕ್ಕೆ ಸೇರಿಸಬಹುದು. ಅಳಿಸಿಹೋದ ಸಾಕ್ಷಿಯನ್ನು ಮತ್ತೆ ತರೋಕೆ ಆಗೋದಿಲ್ಲ.

ಎರಡನೇ ಹೆಜ್ಜೆ: ಒಂದು ನೋಟ್‌ಬುಕ್, ಅದೇ ದಿನ

ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ) ಬರೆಯುವ ತೋಟದ ರೈಟರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಯಾರು, ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಏನು ಮಾಡಿದರು. ನಾಲ್ಕೇ ಕಲಂ. ಕೈಯಲ್ಲೇ ಬರೆಯಿರಿ. ಕಂಪ್ಯೂಟರ್ ಹೇಗೂ ನಂಬಿಕೆ ಕಳೆದುಕೊಂಡಿದೆ, ಮಳೆಗಾಲವಾದರೆ ಕರೆಂಟೂ ಇರೋದಿಲ್ಲ. ದಿನದ ಕೊನೆಯಲ್ಲಿ ಕೆಲಸ ಮಾಡಿದವರ ಸಹಿ ಹಾಕಿಸಿ.

ಇದನ್ನು ಆಮೇಲೆ ನೆನಪಿನಿಂದ ಬರೆಯುತ್ತೇನೆ ಅನ್ನಬೇಡಿ. ಎರಡು ವಾರ ಕಳೆದ ಮೇಲೆ ‘ಸುಮಾರು ಐವತ್ತು ಗಂಟೆ’ ಅಂತಲೇ ಎಲ್ಲರಿಗೂ ನೆನಪಾಗೋದು. ವಿಮೆಯವರಿಗೂ ವಕೀಲರಿಗೂ ಅಂಥ ದುಂಡು ಅಂಕಿ ಕಂಡರೆ ಮೊದಲ ಅನುಮಾನ ಅಲ್ಲಿಯೇ.

ಮೂರನೇ ಹೆಜ್ಜೆ: ಎಲ್ಲಿಂದ ಎಲ್ಲಿವರೆಗೆ?

ಲೆಕ್ಕಕ್ಕೆ ಮೂರು ದಿನಾಂಕ ಬೇಕು: ಒಳಗೆ ನುಗ್ಗಿದ ದಿನ, ನಿಮಗೆ ಗೊತ್ತಾದ ದಿನ, ಕೆಲಸ ಮೊದಲಿನ ಹಾಗೆ ನಡೆದ ದಿನ. ಎರಡನೆಯದು ಸುಲಭ. ಮೊದಲನೆಯದು ಬಹಳ ಸಲ ನಾವು ಅಂದುಕೊಂಡದ್ದಕ್ಕಿಂತ ಹಿಂದೆ ಇರುತ್ತದೆ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಅನ್ನುವ ಖಗೋಳ ವಿಜ್ಞಾನಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಕಂಡಿತು. ಅದರ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಜರ್ಮನಿಯಿಂದ ನುಗ್ಗಿ, ಸೇನೆಯ ಕಂಪ್ಯೂಟರ್‌ಗಳನ್ನು ತಡಕಾಡಿ, ಸೋವಿಯತ್ ಗೂಢಚಾರ ಸಂಸ್ಥೆಗೆ ಮಾಹಿತಿ ಮಾರುತ್ತಿದ್ದ ಗುಂಪು. ಕಣ್ಣಿಗೆ ಬಿದ್ದ ವ್ಯತ್ಯಾಸ ಸಣ್ಣದು ಅಂತ ನುಗ್ಗಿದ್ದೂ ಸಣ್ಣದು ಅಂದುಕೊಳ್ಳೋಕೆ ಆಗೋದಿಲ್ಲ.

ನಮ್ಮ ಉದಾಹರಣೆಯಲ್ಲಿ ಫೈಲಿಗೆ ಬೀಗ ಬಿದ್ದದ್ದು ಸೋಮವಾರ. ಆದರೆ ಇಮೇಲ್‌ನ ಲಾಗಿನ್ ದಾಖಲೆ ನೋಡಿದರೆ ಹನ್ನೊಂದು ದಿನ ಹಿಂದೆಯೇ ಬೇರೆ ಊರಿನಿಂದ ಯಾರೋ ಒಳಗೆ ಬಂದಿದ್ದಾರೆ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಅನ್ನುವ ಪತ್ರ ಬೆಂಗಳೂರಿನ ಖರೀದಿದಾರರಿಗೆ ಹೋದದ್ದು ಆ ನಡುವೆ. ದಿನಾಂಕ ಹಿಂದೆ ಹೋಗದಿದ್ದರೆ ಈ ಎರಡು ಘಟನೆಗಳಿಗೆ ಸಂಬಂಧವೇ ಕಾಣುತ್ತಿರಲಿಲ್ಲ.

ಯಾರು ಯಾವಾಗ ಒಳಗೆ ಬಂದರು ಅಂತ ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆಗಳನ್ನು, ಅಂದರೆ ಲಾಗ್‌ಗಳನ್ನು, ಬೇಗ ಕೇಳಿ ಪಡೆಯಿರಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸೇವೆ ಕೊಡುವವರು, ಡೇಟಾ ಸೆಂಟರ್‌ಗಳು, ಕಂಪನಿಗಳು 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು, ಘಟನೆ ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕು ಅಂತಿದೆ. ಅಷ್ಟು ದಿನ ಕಳೆದ ಮೇಲೆ ಕೇಳಿದರೆ ಅವರು ಕೈ ಎತ್ತಬಹುದು.

ನಾಲ್ಕನೇ ಹೆಜ್ಜೆ: ಜನರ ಹೊತ್ತಿಗೆ ಬೆಲೆ ಕಟ್ಟುವುದು

ಸಣ್ಣ ಘಟನೆಗಳಲ್ಲಿ ಜನರು ಕಡಿಮೆ ಬರೆಯುವ ಭಾಗ ಇದೇ. 1990ರ ದಶಕದ ಕೊನೆಯಲ್ಲಿ ಮಿಷಿಗನ್ ವಿಶ್ವವಿದ್ಯಾಲಯ ಮುಂದೆ ನಿಂತು, ಅಮೆರಿಕದ ಕೆಲವು ದೊಡ್ಡ ವಿಶ್ವವಿದ್ಯಾಲಯಗಳು ಸೇರಿ ತಮ್ಮಲ್ಲಾದ ಕಂಪ್ಯೂಟರ್ ಘಟನೆಗಳಿಗೆ ಎಷ್ಟು ಖರ್ಚಾಯಿತು ಅಂತ ಲೆಕ್ಕ ಹಾಕಿದವು. ಅವರ ದಾರಿ ತೀರಾ ಸರಳ: ಯಾರು ಎಷ್ಟು ಗಂಟೆ ಇದಕ್ಕೆ ಕೊಟ್ಟರು, ಅವರ ಗಂಟೆಯ ಸಂಬಳ ಎಷ್ಟು, ಅದರ ಮೇಲೆ ಸಂಸ್ಥೆ ಕಟ್ಟುವ ಸೌಲಭ್ಯಗಳ ಖರ್ಚು ಎಷ್ಟು. ಈಗಲೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ನಮ್ಮ ಲೆಕ್ಕಕ್ಕೆ ಇಳಿಸೋಣ. ಲೆಕ್ಕ ಬರೆಯುವವರ ಸಂಬಳ ತಿಂಗಳಿಗೆ 24,000. ಪಿಎಫ್, ಬೋನಸ್ ಎಲ್ಲ ಸೇರಿ ಇನ್ನೊಂದು 3,600. ಒಟ್ಟು 27,600. ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆ, ಅಂದರೆ 208 ಗಂಟೆ. ಭಾಗಿಸಿದರೆ ಗಂಟೆಗೆ 133 ರೂಪಾಯಿ. ಚೀಟಿ, ತೂಕದ ರಸೀದಿ ನೋಡಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಮತ್ತೆ ಏರಿಸೋಕೆ 46 ಗಂಟೆ ಹಿಡಿಯಿತು: 6,118 ರೂಪಾಯಿ. ಹೋಂಸ್ಟೇ ಮ್ಯಾನೇಜರ್ ಅತಿಥಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಬುಕಿಂಗ್ ಖಚಿತಪಡಿಸಿಕೊಂಡರು. ಗಂಟೆಗೆ 111ರ ಲೆಕ್ಕದಲ್ಲಿ 21 ಗಂಟೆ: 2,331.

ಮಾಲೀಕರ ಹೊತ್ತಿಗೆ ಏನು ಬೆಲೆ? ‘ನನ್ನ ಒಂದು ಗಂಟೆಗೆ ಹತ್ತು ಸಾವಿರ’ ಅನ್ನೋದು ಮದುವೆ ಮನೆಯಲ್ಲಿ ಹೇಳೋಕೆ ಚೆಂದ, ಕಡತದಲ್ಲಿ ನಿಲ್ಲೋದಿಲ್ಲ. ಅದೇ ಕೆಲಸಕ್ಕೆ ಒಬ್ಬ ಮ್ಯಾನೇಜರ್ ಇಟ್ಟುಕೊಂಡಿದ್ದರೆ ಎಷ್ಟು ಕೊಡಬೇಕಿತ್ತೋ ಅಷ್ಟು ಹಾಕಿ. ತಿಂಗಳಿಗೆ 45,000 ಅಂದರೆ ಗಂಟೆಗೆ 216. ಅವರು ಕೊಟ್ಟದ್ದು 38 ಗಂಟೆ: 8,208.

ಗೋದಾಮಿನ ನಾಲ್ವರು ಹಮಾಲರು ಎರಡು ದಿನ ಕೆಲಸವಿಲ್ಲದೆ ಕೂತರು, ದಿನಕ್ಕೆ 600 ಕೂಲಿ. 4,800 ಅಂತ ಬರೆಯೋಕೆ ಕೈ ಓಡುತ್ತದೆ ಅಲ್ವಾ? ತಡೆಯಿರಿ. ಎರಡನೇ ದಿನ ಅವರನ್ನು ಕಣದಲ್ಲಿ ಚೆರ್ರಿ ಮಗುಚಲು ಕಳಿಸಿದ್ದರು. ಅದು ಹೇಗೂ ಆಗಬೇಕಿದ್ದ ಕೆಲಸ. ಹಾಗಾಗಿ ನಷ್ಟ ಒಂದೇ ದಿನದ್ದು, 2,400.

ಎಲ್ಲ ಕೂಡಿದರೆ 19,057.

ಇಲ್ಲಿ ಒಂದು ಬಲೆ ಇದೆ. ಲೆಕ್ಕ ಬರೆಯುವವರು ಹಗಲಲ್ಲಿ ಹಳೆಯದನ್ನು ಮತ್ತೆ ಏರಿಸಿದರು, ಆ ದಿನದ ಕೆಲಸವನ್ನು ಸಂಜೆ ಓವರ್‌ಟೈಮ್‌ನಲ್ಲಿ ಮುಗಿಸಿದರು ಅಂದುಕೊಳ್ಳಿ. ಆಗ ಹಗಲಿನ ಸಂಬಳವನ್ನೂ ಸಂಜೆಯ ಓವರ್‌ಟೈಮನ್ನೂ ಎರಡೂ ಹಾಕುವ ಹಾಗಿಲ್ಲ. ನಿಮ್ಮ ಕೈಯಿಂದ ಹೆಚ್ಚಾಗಿ ಹೋದದ್ದು ಓವರ್‌ಟೈಮ್ ಮಾತ್ರ. ಒಂದೇ ಹೊತ್ತಿಗೆ ಎರಡು ಸಲ ಬೆಲೆ ಕಟ್ಟಿದ್ದು ಗೊತ್ತಾದರೆ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ.

ಐದನೇ ಹೆಜ್ಜೆ: ಹೊರಗಿನ ಬಿಲ್ಲುಗಳು

ಟೆಕ್ನಿಷಿಯನ್‌ಗೆ 18,000, ಹೊಸ ಡಿಸ್ಕ್ 5,500, ಓಡಾಟ 1,800, ವಕೀಲರು ಮತ್ತು ಸಾಕ್ಷಿಗೆ ಜೋಡಿಸುವ ಪ್ರಮಾಣಪತ್ರದ ಖರ್ಚು 12,000, ಗ್ರಾಹಕರಿಗೆ ಪತ್ರ ಮತ್ತು ಎಸ್‌ಎಂಎಸ್ 900. ಒಟ್ಟು 38,200. ಇದು ಸುಲಭದ ಭಾಗ. ಎರಡು ವಿಷಯ ಮಾತ್ರ ನೋಡಿಕೊಳ್ಳಿ.

ಮೊದಲಿದ್ದ ಸ್ಥಿತಿಗೆ ತರಲು ಆದ ಖರ್ಚು ಬೇರೆ, ಮೊದಲಿಗಿಂತ ಚೆನ್ನಾಗಿ ಮಾಡಿಕೊಂಡ ಖರ್ಚು ಬೇರೆ. ಇದೇ ಹೊತ್ತಲ್ಲಿ 26,000 ಕೊಟ್ಟು ಒಳ್ಳೆಯ ಬ್ಯಾಕಪ್ ಪೆಟ್ಟಿಗೆ ತಂದಿರಿ, 7,000ಕ್ಕೆ ಆಂಟಿವೈರಸ್ ಹಾಕಿಸಿದಿರಿ. ಒಳ್ಳೆಯದೇ. ಆದರೆ ಅದು ಮುಂಚೆಯೇ ಇರಬೇಕಿದ್ದ ಬೇಲಿ. ಕಳ್ಳನ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ. ಎರಡನೆಯದು ಜಿಎಸ್‌ಟಿ. ಬಿಲ್ಲಿನ ತೆರಿಗೆಯನ್ನು ನೀವು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ತೆಗೆದುಕೊಳ್ಳುವುದಾದರೆ ಅದು ನಷ್ಟವಲ್ಲ. ತೆರಿಗೆ ಬಿಟ್ಟು ಉಳಿದದ್ದನ್ನು ಬರೆಯಿರಿ.

ಆರನೇ ಹೆಜ್ಜೆ: ತಪ್ಪಿಹೋದ ವ್ಯಾಪಾರ

ಜಗಳ ಹುಟ್ಟೋದು ಇಲ್ಲೇ. ಆಗದೇ ಹೋದ ವ್ಯಾಪಾರಕ್ಕೆ ರಸೀದಿ ಇರೋದಿಲ್ಲವಲ್ಲ.

ಎರಡು ಪ್ರಶ್ನೆ ಕೇಳಿಕೊಳ್ಳಿ. ಆ ವ್ಯಾಪಾರ ಪೂರ್ತಿ ಹೋಯಿತೋ, ಬರೀ ಮುಂದಕ್ಕೆ ಹೋಯಿತೋ? ಹೋದದ್ದು ವಹಿವಾಟೋ, ಲಾಭವೋ?

ಹೋಂಸ್ಟೇ ನೋಡಿ. ಬುಕಿಂಗ್ ಗೊಂದಲದಿಂದ ಎರಡು ವಾರಾಂತ್ಯದಲ್ಲಿ ಒಂಬತ್ತು ಕೋಣೆ-ರಾತ್ರಿಗಳು ರದ್ದಾದವು. ಕೋಣೆಗೆ 3,500ರ ಲೆಕ್ಕದಲ್ಲಿ 31,500. ಆದರೆ ಅದೇ ಅತಿಥಿಗಳಲ್ಲಿ ಕೆಲವರು ಮಾರ್ಚ್‌ನಲ್ಲಿ ಬಂದು ಮೂರು ರಾತ್ರಿ ಉಳಿದರು. ಉಳಿದದ್ದು ಆರು ರಾತ್ರಿ, 21,000. ಅತಿಥಿ ಬರಲಿಲ್ಲ ಅಂದರೆ ಊಟ, ಬಟ್ಟೆ ತೊಳೆಯೋದು, ಬುಕಿಂಗ್ ಆ್ಯಪ್‌ನ ಕಮಿಷನ್ ಕೂಡ ಉಳಿಯಿತು. ರಾತ್ರಿಗೆ 1,200ರಂತೆ 7,200 ಕಳೆಯಿರಿ. ನಿಜವಾದ ನಷ್ಟ 13,800. ಮೊದಲ ಅಂಕಿಯ ಅರ್ಧಕ್ಕಿಂತ ಕಡಿಮೆ.

‘ಎಷ್ಟು ಬರಬೇಕಿತ್ತು’ ಅನ್ನೋದಕ್ಕೆ ಹೋದ ವರ್ಷದ ಅದೇ ವಾರವನ್ನು ಸುಮ್ನೆ ಪಕ್ಕದಲ್ಲಿಟ್ಟರೆ ಸಾಲದು. ಕೊಡಗಿನಲ್ಲಿ ಒಂದು ಉದ್ದ ರಜೆ ಬಂದರೆ ಮಡಿಕೇರಿ ರಸ್ತೆಯಲ್ಲಿ ಕಾರು ನಿಲ್ಲಿಸೋಕೆ ಜಾಗ ಇರೋದಿಲ್ಲ. ಜೋರು ಮಳೆಯ ಎಚ್ಚರಿಕೆ ಬಂದರೆ ಅದೇ ವಾರ ಕೋಣೆಗಳು ಖಾಲಿ. ತುಲಾ ಸಂಕ್ರಮಣ ಅಕ್ಟೋಬರ್ ಮಧ್ಯಕ್ಕೇ ಬೀಳುತ್ತದೆ, ಸುಗ್ಗಿ ಹಬ್ಬ ಹುತ್ತರಿ ಮಾತ್ರ ಹುಣ್ಣಿಮೆ ನೋಡಿಕೊಂಡು ನವೆಂಬರ್ ಡಿಸೆಂಬರ್ ನಡುವೆ ಓಡಾಡುತ್ತದೆ. ಆದ್ದರಿಂದ ತಾರೀಖಿಗೆ ತಾರೀಖು ಹೋಲಿಸಬೇಡಿ. ವಾರಾಂತ್ಯವನ್ನು ವಾರಾಂತ್ಯಕ್ಕೆ, ಹಬ್ಬದ ವಾರವನ್ನು ಹಬ್ಬದ ವಾರಕ್ಕೆ ಹೋಲಿಸಿ. ಹಾಗೆ ಆರಿಸಿದ್ದು ಯಾಕೆ ಅಂತ ಒಂದು ಸಾಲು ಬರೆದಿಡಿ.

ಕಾಫಿಯಲ್ಲಿ ಇನ್ನೊಂದು ತೊಡಕು: ದರ ದಿನಾ ಬದಲಾಗುತ್ತದೆ. ರೂಪಾಯಿಯಲ್ಲಿ ಹೋಲಿಸಿದರೆ ರೊಬಸ್ಟಾ ದರಕ್ಕೆ ದಾರಿ ತೋರಿಸುವ ಲಂಡನ್ ಮಾರುಕಟ್ಟೆಯ ಏರಿಳಿತವನ್ನೂ ಕಳ್ಳನ ತಲೆಗೆ ಕಟ್ಟಿದ ಹಾಗಾಗುತ್ತದೆ. ಚೀಲದಲ್ಲಿ ಹೋಲಿಸಿ. ನಮ್ಮ ಅಂಗಡಿಗೆ ಆ ದಿನಗಳಲ್ಲಿ ದಿನಕ್ಕೆ ಸರಾಸರಿ 40 ಚೀಲ ಬರುತ್ತಿತ್ತು. ಮೂರು ದಿನ ಖರೀದಿ ನಿಂತಿತು, 120 ಚೀಲ ತಪ್ಪಿತು. ಮುಂದಿನ ವಾರ ಎಂದಿಗಿಂತ 70 ಚೀಲ ಜಾಸ್ತಿ ಬಂತು, ಯಾಕೆಂದರೆ ಹತ್ತಿರದ ಬೆಳೆಗಾರರು ಕಾದರು. ಕೈಬಿಟ್ಟು ಹೋದದ್ದು 50 ಚೀಲ. ಸಾಗಣೆ, ಕೂಲಿ ಕಳೆದು ಚೀಲಕ್ಕೆ ಉಳಿಯುತ್ತಿದ್ದದ್ದು 150 ರೂಪಾಯಿ. ನಷ್ಟ 7,500. ಚೀಲದ ಪೂರ್ತಿ ಬೆಲೆಯನ್ನು ನಷ್ಟಕ್ಕೆ ಬರೆದ ಕಡತ ನಿಮ್ಮ ಕೈಗೆ ಬಂದರೆ ಅಲ್ಲಿಗೇ ಮುಚ್ಚಿಬಿಡಿ. ಕಾಫಿಯೂ ಬಂದಿಲ್ಲ, ದುಡ್ಡೂ ಹೋಗಿಲ್ಲ. ಹೋದದ್ದು ನಡುವಿನ ಲಾಭ ಮಾತ್ರ.

ಗೋದಾಮಿನಲ್ಲಿದ್ದ ಸರಕನ್ನು ಆ ದಿನ ಮಾರೋಕೆ ಆಗದೆ, ಮೂರು ದಿನ ಕಳೆದು ಕಡಿಮೆ ದರಕ್ಕೆ ಮಾರಿದ್ದರೆ ಆ ವ್ಯತ್ಯಾಸ ಸೇರಿಸಬಹುದು. ಆದರೆ ಆ ದಿನವೇ ಮಾರುವ ಮಾತು ಆಗಿತ್ತು ಅನ್ನೋದಕ್ಕೆ ವಾಟ್ಸ್ಆ್ಯಪ್ ಮೆಸೇಜೋ ಆರ್ಡರೋ ಬೇಕು. ದರ ಏರಿ ಲಾಭವೇ ಆಗಿದ್ದರೆ ಅದನ್ನೂ ಕಳೆಯಬೇಕು. ಇದನ್ನು ಹೇಳಿದಾಗ ಹೆಚ್ಚಿನವರ ಮುಖ ಸಣ್ಣದಾಗುತ್ತದೆ.

ತಪ್ಪಿದ ವ್ಯಾಪಾರ ಒಟ್ಟು 21,300.

ಏಳನೇ ಹೆಜ್ಜೆ: ಕದ್ದ ಮಾಹಿತಿಗೆ ಬೆಲೆ ಎಷ್ಟು?

ಇಲ್ಲಿ ಒಂದು ಹಳೆಯ ಮೊಕದ್ದಮೆಯನ್ನು ನೋಡಬೇಕು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್‌ಸೌತ್ ಫೋನ್ ಕಂಪನಿಯ ಕಂಪ್ಯೂಟರ್‌ನಿಂದ ತುರ್ತು ಕರೆ ವ್ಯವಸ್ಥೆಯ ಆಡಳಿತದ ಬಗೆಗಿನ ಒಂದು ಕಡತ ನಕಲಾಯಿತು. ಅದನ್ನು ತನ್ನ ಎಲೆಕ್ಟ್ರಾನಿಕ್ ಪತ್ರಿಕೆಯಲ್ಲಿ ಹಾಕಿದ ಕ್ರೇಗ್ ನೈಡಾರ್ಫ್ ಅನ್ನುವ ಕಾಲೇಜು ಹುಡುಗನ ಮೇಲೆ ಕೇಸ್ ಬಿತ್ತು. ಕಡತದ ಬೆಲೆ 79,449 ಡಾಲರ್ ಅಂತ ಕಂಪನಿ ಹೇಳಿತು. ಈ ಅಂಕಿಯೊಳಗೆ ಏನೇನಿತ್ತು ನೋಡಿ: ಬರೆದವರ 200 ಗಂಟೆ, ಮೇಲ್ವಿಚಾರಕರ 200 ಗಂಟೆ, ಅದನ್ನು ಟೈಪ್ ಮಾಡಿದ ಕಂಪ್ಯೂಟರ್‌ಗೆ 31,000 ಡಾಲರ್, ಪ್ರಿಂಟರ್‌ಗೆ 6,000. ಕಡತ ನಕಲಾದ ಮೇಲೂ ಆ ಕಂಪ್ಯೂಟರ್, ಪ್ರಿಂಟರ್, ಕಡತ ಎಲ್ಲವೂ ಕಂಪನಿಯಲ್ಲೇ ಇದ್ದವು! 1990ರ ಜುಲೈಯಲ್ಲಿ ವಿಚಾರಣೆ ನಡೆಯುತ್ತಿದ್ದಾಗ, ಅದೇ ಬಗೆಯ ಮಾಹಿತಿ ಯಾರು ಬೇಕಾದರೂ ಫೋನ್ ಮಾಡಿ 13 ಡಾಲರಿಗೆ ತರಿಸಿಕೊಳ್ಳಬಹುದಾದ ಪುಸ್ತಿಕೆಯಲ್ಲಿತ್ತು ಅಂತ ಹೊರಬಿತ್ತು. ಸರ್ಕಾರ ಮೊಕದ್ದಮೆಯನ್ನು ನಡುವಿನಲ್ಲೇ ಕೈಬಿಟ್ಟಿತು.

ಕಂಪನಿಗಳ ಕಂಪ್ಯೂಟರ್‌ಗೆ ನುಗ್ಗಿ ಸಿಕ್ಕಿಬಿದ್ದ ಅಮೆರಿಕದ ಕೆವಿನ್ ಮಿಟ್ನಿಕ್ ಪ್ರಕರಣದ್ದೂ ಇದೇ ಕಥೆ. ತನ್ನ ಸೋರ್ಸ್ ಕೋಡ್ (ಸಾಫ್ಟ್‌ವೇರಿನ ಮೂಲ ಬರಹ) ನಕಲಾದದ್ದಕ್ಕೆ ಸನ್ ಅನ್ನುವ ಕಂಪ್ಯೂಟರ್ ಕಂಪನಿಯೊಂದೇ 8 ಕೋಟಿ ಡಾಲರ್ ಅಂದಿತ್ತು. 1999ರಲ್ಲಿ ನ್ಯಾಯಾಲಯ ಮಿಟ್ನಿಕ್‌ಗೆ ಕಟ್ಟಲು ಹೇಳಿದ ಪರಿಹಾರ 4,125 ಡಾಲರ್. ಅವನಿಂದ ಅಷ್ಟೇ ವಸೂಲಾಗಬಹುದು ಅನ್ನೋದೂ ಅದರಲ್ಲಿತ್ತು, ಆದರೂ ಅಂತರ ನೋಡಿ.

ಹಾಗಾದರೆ ಮಾಹಿತಿಗೆ ಬೆಲೆಯೇ ಇಲ್ಲವೇ? ಇದೆ. ಏನಾಯಿತು ಅನ್ನೋದರ ಮೇಲೆ ಬೆಲೆ ಬದಲಾಗುತ್ತದೆ. ಮಾಹಿತಿ ಅಳಿದು ಹೋಗಿದ್ದರೆ, ಅದನ್ನು ಮತ್ತೆ ಕಟ್ಟುವ ಖರ್ಚೇ ಅದರ ಬೆಲೆ. ಹತ್ತು ವರ್ಷದ ಮಳೆ ಲೆಕ್ಕ, ಯಾವ ಬ್ಲಾಕಿನಲ್ಲಿ ಎಷ್ಟು ಇಳುವರಿ, ಯಾವ ಲಾಟಿನ ಔಟ್‌ಟರ್ನ್ ಎಷ್ಟು ಅನ್ನುವ ತೋಟದ ದಾಖಲೆ ಹೋದರೆ ಇದು ಅನ್ವಯವಾಗುತ್ತದೆ. ಹಳೆಯ ಪುಸ್ತಕ ನೋಡಿ ಏರಿಸುವ ಗಂಟೆಗಳನ್ನು ನಾಲ್ಕನೇ ಹೆಜ್ಜೆಯಲ್ಲೇ ಹಾಕಿ. ಮತ್ತೆ ಇಲ್ಲಿ ಹಾಕಬೇಡಿ.

ಮಾಹಿತಿ ನಕಲು ಮಾತ್ರ ಆಗಿದ್ದರೆ, ಆ ನಕಲಿನಿಂದ ನಿಮಗೆ ಏನು ಬದಲಾಯಿತು ಅನ್ನೋದನ್ನು ಹುಡುಕಬೇಕು. ಬೆಳೆಗಾರರ ಪಟ್ಟಿ, ಯಾರಿಗೆ ಎಷ್ಟು ಮುಂಗಡ, ಯಾರಿಗೆ ಯಾವ ದರ ಕೊಟ್ಟಿದ್ದೀರಿ ಅನ್ನೋದು ಎದುರಾಳಿ ವ್ಯಾಪಾರಿಗೆ ಸಿಕ್ಕಿತು ಅಂದುಕೊಳ್ಳಿ. ಪಟ್ಟಿಯಲ್ಲಿದ್ದ ಎಷ್ಟು ಮನೆಯವರು ಈ ಸಲ ನಿಮಗೆ ಕೊಡಲಿಲ್ಲ? ಪಟ್ಟಿಯಲ್ಲಿ ಇಲ್ಲದವರಲ್ಲಿ ಎಷ್ಟು ಮಂದಿ ಕೊಡಲಿಲ್ಲ? ಎರಡೂ ಕಡೆ ಒಂದೇ ತರ ಬಿಟ್ಟು ಹೋಗಿದ್ದರೆ ಕಾರಣ ಕಳ್ಳತನ ಅಲ್ಲ, ಬಹುಶಃ ನಿಮ್ಮ ದರ. ಪಟ್ಟಿಯವರೇ ಜಾಸ್ತಿ ಬಿಟ್ಟಿದ್ದರೆ ಆ ಹೆಚ್ಚುವರಿ ಚೀಲಕ್ಕೆ ಮಾತ್ರ ಲಾಭ ಗುಣಿಸಿ.

ಇನ್ನು ಅತಿಥಿಗಳ ಆಧಾರ್, ವಿದೇಶಿ ಅತಿಥಿಗಳ ಬಗ್ಗೆ ಸರ್ಕಾರಕ್ಕೆ ಕೊಡುವ ಫಾರ್ಮ್ ತುಂಬಲು ತೆಗೆದುಕೊಂಡ ಪಾಸ್‌ಪೋರ್ಟ್ ಪ್ರತಿಗಳು. ಅವು ಸೋರಿದರೆ ನೇರ ಪೆಟ್ಟು ಬೀಳೋದು ಅವರಿಗೆ. ನಿಮ್ಮ ಲೆಕ್ಕಕ್ಕೆ ಬರೋದು ಅವರಿಗೆ ತಿಳಿಸಿದ ಖರ್ಚು, ಅವರಿಗೆ ನಿಜವಾಗಿ ಕೊಟ್ಟ ಪರಿಹಾರ, ಅಷ್ಟೇ. ವೈಯಕ್ತಿಕ ಡೇಟಾ ರಕ್ಷಣೆಯ 2023ರ ಕಾಯ್ದೆಯಲ್ಲಿ ಸರಿಯಾದ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಅಂತ ಇದೆ. ಅದು ಗರಿಷ್ಠ ಮಿತಿ. ‘ನಮಗೆ 250 ಕೋಟಿ ಅಪಾಯ’ ಅಂತ ನಷ್ಟದ ಪಟ್ಟಿಗೆ ಸೇರಿಸಿದರೆ ಓದುವವರು ನಗುತ್ತಾರೆ. ಆದೇಶ ಬಂದ ಮೇಲೆ ಬಂದಷ್ಟನ್ನು ಬರೆಯಿರಿ.

‘ಹೆಸರು ಕೆಟ್ಟಿತು’ ಅನ್ನೋದನ್ನೂ ಹೀಗೇ ನೋಡಿ. ಕಡಿಮೆಯಾದ ಬುಕಿಂಗ್‌ನಲ್ಲಿ ಅದು ಆಗಲೇ ಬಂದಿರುತ್ತದೆ. ಬೇರೆ ಸಾಲು ಬೇಡ.

ಎಂಟನೇ ಹೆಜ್ಜೆ: ಬೇರೆ ಖಾತೆಗೆ ಹೋದ ದುಡ್ಡು

ಸುಳ್ಳು ಇಮೇಲ್ ನಂಬಿ ಬೆಂಗಳೂರಿನ ಖರೀದಿದಾರರು 3,20,000 ರೂಪಾಯಿ ಕಳ್ಳನ ಖಾತೆಗೆ ಹಾಕಿದರು. 1930ಕ್ಕೆ ಕೂಡಲೇ ದೂರು ಹೋದ್ದರಿಂದ 1,10,000 ತಡೆದು ನಿಂತಿತು, ಆಮೇಲೆ ಅವರಿಗೇ ವಾಪಸ್ ಬಂತು. ಉಳಿದ 2,10,000 ಯಾರ ನಷ್ಟ? ‘ನಿಮ್ಮ ಇಮೇಲ್‌ನಿಂದ ಬಂದಿದ್ದು’ ಅಂತ ಅವರು, ‘ಒಂದು ಫೋನ್ ಮಾಡಿ ಕೇಳಬೇಕಿತ್ತು’ ಅಂತ ಇವರು. ಕೊನೆಗೆ ಅರ್ಧ ಅರ್ಧ ಅಂತಾಯಿತು. ಹಾಗಾಗಿ ನಮ್ಮ ವ್ಯಾಪಾರಿಯ ನಷ್ಟ 1,05,000.

ದೂರಿನಲ್ಲಿ ಮಾತ್ರ ಪೂರ್ತಿ 3,20,000 ಹೋದದ್ದು, ಅದರಲ್ಲಿ ಎಷ್ಟು ತಡೆದದ್ದು ಎಲ್ಲ ಬರೆಯಿರಿ. ಅಪರಾಧದ ಅಳತೆ ಅದು. ನಿಮ್ಮ ಪುಸ್ತಕದ ನಷ್ಟ ಬೇರೆ. ರಾಜಿಯನ್ನು ಬಾಯಿ ಮಾತಿಗೆ ಬಿಡದೆ ಪತ್ರದಲ್ಲಿ ಬರೆದುಕೊಳ್ಳಿ.

ಫೈಲ್ ಬಿಡಿಸೋಕೆ ಕಳ್ಳ ಕೇಳಿದ ದುಡ್ಡು ಕೊಟ್ಟಿಲ್ಲ ಅಂದರೆ ಅದು ನಷ್ಟವಲ್ಲ, ಬರೀ ಬೆದರಿಕೆ.

ಒಂಬತ್ತನೇ ಹೆಜ್ಜೆ: ಕೂಡಿ, ಆದರೆ ಒಂದೇ ಅಂಕಿ ಕೊಡಬೇಡಿ

ಜನರ ಹೊತ್ತು 19,057, ಬಿಲ್ಲುಗಳು 38,200, ತಪ್ಪಿದ ವ್ಯಾಪಾರ 21,300, ಹೋದ ದುಡ್ಡು 1,05,000. ಕೂಡಿದರೆ 1,83,557.

ಇದರಲ್ಲಿ 1,43,200ಕ್ಕೆ ಬಿಲ್ಲು, ಬ್ಯಾಂಕ್ ಕಾಗದ, ರಾಜಿ ಪತ್ರ ಇದೆ. ಯಾರೂ ಅಲ್ಲಾಡಿಸೋಕೆ ಆಗದ ಭಾಗ ಅದು. ಉಳಿದ 40,357 ಅಂದಾಜು. ಹೊತ್ತಿನ ಲೆಕ್ಕಕ್ಕೆ ಹೆಚ್ಚು ಕಡಿಮೆ ಶೇ. 15 ಇಡಿ: 16,198ರಿಂದ 21,916. ತಪ್ಪಿದ ವ್ಯಾಪಾರ ಕಡಿಮೆ ಅಂದರೆ 15,000, ಜಾಸ್ತಿ ಅಂದರೆ 28,000. ಆಗ ಒಟ್ಟು ನಷ್ಟ ಸುಮಾರು 1.74 ಲಕ್ಷದಿಂದ 1.93 ಲಕ್ಷದ ನಡುವೆ. ಗಟ್ಟಿ ಭಾಗ ಇಷ್ಟು, ಅಂದಾಜು ಭಾಗ ಇಷ್ಟು, ಅಂದಾಜಿನ ದಾರಿ ಹೀಗೆ ಅಂತ ಬಿಚ್ಚಿ ಹೇಳಿದ ಕಡತವನ್ನು ಕತ್ತರಿಸೋದು ಕಷ್ಟ.

ಲೆಕ್ಕ ಯಾರ ಮೇಜಿಗೆ ಹೋಗುತ್ತದೆ?

ಮೇಜು ಬದಲಾದರೆ ಬೇಕಾದ ಸಾಲುಗಳೂ ಬದಲಾಗುತ್ತವೆ. ಪೊಲೀಸ್ ದೂರು ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಯಲ್ಲಿ ಕೊಡಬಹುದು. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ಆದರೆ ದಂಡ ಸರ್ಕಾರಕ್ಕೆ ಹೋಗುತ್ತದೆ. ನಿಮಗೆ ಪರಿಹಾರ ಬೇಕಿದ್ದರೆ ಅದೇ ಕಾಯ್ದೆಯ 43ನೇ ಸೆಕ್ಷನ್ ಅಡಿ ನ್ಯಾಯನಿರ್ಣಯ ಅಧಿಕಾರಿಗೆ ಅರ್ಜಿ ಹಾಕಬೇಕು. ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಯೇ ಆ ಅಧಿಕಾರಿ. ಐದು ಕೋಟಿವರೆಗಿನ ಕೋರಿಕೆ ಅವರ ಮುಂದೆ ಬರುತ್ತದೆ.

ಪರಿಹಾರ ನಿರ್ಧರಿಸುವಾಗ ಅವರು ಏನು ನೋಡಬೇಕು ಅಂತ 47ನೇ ಸೆಕ್ಷನ್ ಹೇಳಿದೆ: ತಪ್ಪು ಮಾಡಿದವರಿಗೆ ಸಿಕ್ಕ ಅನ್ಯಾಯದ ಲಾಭ, ಇನ್ನೊಬ್ಬರಿಗಾದ ನಷ್ಟ, ತಪ್ಪು ಮತ್ತೆ ಮತ್ತೆ ನಡೆದದ್ದೇ ಅನ್ನೋದು. ಅಂದರೆ ಕಳ್ಳನಿಗೆ ಎಷ್ಟು ಸಿಕ್ಕಿತು ಅನ್ನೋದು ಬೇರೆ ಕಲಂ. ಕೆಲಸ ಬಿಟ್ಟು ಹೋದವರು ಪಟ್ಟಿ ಒಯ್ದು ಅದರಿಂದ ವ್ಯಾಪಾರ ಮಾಡಿದ್ದರೆ, ನಿಮ್ಮ ನಷ್ಟ ಸಣ್ಣದಿದ್ದರೂ ಅವರ ಲಾಭ ದೊಡ್ಡದಿರಬಹುದು. ಅದನ್ನು ಬರೆಯೋಕೆ ಮರೆಯಬೇಡಿ.

ವಿಮೆ ಇದ್ದರೆ ಪಾಲಿಸಿ ತೆಗೆದು ಓದಿ. ವ್ಯಾಪಾರ ನಿಂತದ್ದಕ್ಕೆ ಪರಿಹಾರ ಅಂತಿದ್ದರೂ ಮೊದಲ ಕೆಲವು ಗಂಟೆಗಳನ್ನು ಬಿಟ್ಟು ಎಣಿಸುವ ಷರತ್ತು ಸಾಮಾನ್ಯ. ಮಾಲೀಕರ ಹೊತ್ತಿಗೆ ಹಲವರು ಕೊಡೋದಿಲ್ಲ. ಆಡಿಟರಿಗೆ ಹೋಗುವ ಪ್ರತಿಯಲ್ಲಿ ತೋಟ, ಖರೀದಿ ವ್ಯಾಪಾರ, ಹೋಂಸ್ಟೇ ನಷ್ಟಗಳನ್ನು ಬೇರೆ ಬೇರೆ ಮಾಡಿ. ಆದಾಯ ತೆರಿಗೆಯಲ್ಲಿ, ತಾವೇ ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ. 25 ಮಾತ್ರ ವ್ಯಾಪಾರದ ಆದಾಯ, ಉಳಿದದ್ದು ಕೃಷಿ ಆದಾಯ. ಹೋಂಸ್ಟೇ ಲೆಕ್ಕಕ್ಕೆ ಆ ನಿಯಮ ಇಲ್ಲ.

ಕೊನೆಯದಾಗಿ ಸಾಕ್ಷಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಲಾಗ್, ಇಮೇಲ್, ಟ್ಯಾಲಿ ಪ್ರಿಂಟ್‌ಗಳಿಗೆ ಪ್ರಮಾಣಪತ್ರ ಜೋಡಿಸಬೇಕು. ಒಂದು ಭಾಗಕ್ಕೆ ಸಾಧನ ನೋಡಿಕೊಳ್ಳುವವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು, ಫೈಲಿನ ಹ್ಯಾಶ್ ಸಂಖ್ಯೆಯನ್ನೂ (ಫೈಲು ಒಂದಿಷ್ಟು ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಸಂಖ್ಯೆ) ಬರೆಯಬೇಕು. ಟೆಕ್ನಿಷಿಯನ್ ಮೈಸೂರಿಗೆ ವಾಪಸ್ ಹೊರಡುವ ಮೊದಲೇ ಹ್ಯಾಶ್ ತೆಗೆಸಿ, ಸಹಿ ಹಾಕಿಸಿಕೊಳ್ಳಿ. ಆಮೇಲೆ ಅವರ ಫೋನ್ ಸಿಗುವುದು ನಿಮ್ಮ ಅದೃಷ್ಟ.